ಬರ್ಚ್ ಬೇರಿಗೆ ಇಳಿದ ಬೆಂಕಿ

ಬೆಳಿಗ್ಗೆಯಿಂದ ಗಾಳಿ ಇರಲಿಲ್ಲ. ಉತ್ತರ ಧ್ರುವದಂಚಿನ ಯಮಾಲಿನ ಜೌಗಿನಲ್ಲಿ ಗಾಳಿ ನಿಂತಿತೆಂದರೆ ಸೊಳ್ಳೆ ಎದ್ದಿತೆಂದೇ ಲೆಕ್ಕ. ಹಿಮಸಾರಂಗಗಳು ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುತ್ತಿದ್ದವು. ಅವುಗಳ ಜೊತೆ ನೆಕೊಚೆಯ ಜೀವವೂ ಸುತ್ತುತ್ತಿತ್ತು. ಗಂಡ ಪುಡಾಕೊ ತಪ್ಪಿಸಿಕೊಂಡ ಮರಿಗಳನ್ನು ಹುಡುಕಿಕೊಂಡು ಹೊಳೆಯಾಚೆ ಹೋಗಿದ್ದ. "ಸೊಳ್ಳೆಗೆ ಹಾಕಿದ ಹೊಗೆ ಆರಬಾರದು. ಆರಿತೋ, ಮಂದೆ ಗಾಳಿ ಹುಡುಕ್ಕೊಂಡು ಸಮುದ್ರದ ಕಡೆ ಓಡ್ತದೆ. ಆಮೇಲೆ ನಮಗೆ ಸಿಕ್ಕಿದ ಹಾಗೇ," ಅಂದಿದ್ದ.

ಆ ಬಯಲಲ್ಲಿ ಮರವಿಲ್ಲ. ಒಲೆಗೂ ಹೊಗೆಗೂ ಮೊಣಕಾಲೆತ್ತರದ ಕುಳ್ಳ ಬರ್ಚ್ ಗಿಡವೇ ಗತಿ, ಹಸಿಯಾಗಿದ್ದರೂ ಉರಿಯುತ್ತದೆ. ಡೇರೆಯ ಸುತ್ತ ಇದ್ದದ್ದನ್ನೆಲ್ಲ ಕಡಿದಾಗಿತ್ತು. ಉಳಿದದ್ದು ಜೌಗಿನಾಚೆಯ ದಿಬ್ಬದ ಮೇಲೆ. ನೆಕೊಚೆ ಒಂದು ಹೊರೆ ಎಳೆದು ತರುವಷ್ಟರಲ್ಲಿ ಹಿಂದಿನದು ಬೂದಿಯಾಗಿರುತ್ತಿತ್ತು. ಮಂದೆಯ ಮುಂದಿನ ಸಾಲು ಆಗಲೇ ಉತ್ತರಕ್ಕೆ ಮೂತಿ ತಿರುಗಿಸಿತ್ತು.

ಗಿಡವನ್ನು ಬೆಂಕಿಯ ಹತ್ತಿರ ಹೊರುವುದೇಕೆ, ಬೆಂಕಿಯನ್ನೇ ಅಲ್ಲಿಗೆ ಒಯ್ದರಾಯಿತು ಅಂದುಕೊಂಡಳು. ಕೆಂಡ ಒಯ್ದು ದಿಬ್ಬದ ಪೊದೆಗೇ ಇಟ್ಟಳು. ಹೊಗೆ ದಟ್ಟವಾಗಿ ಎದ್ದಿತು. ಮಂದೆ ತಿರುಗಿ ಬಂದು ಅದರೊಳಗೆ ತಲೆ ತೂರಿಸಿ ನಿಂತಿತು.

ಅತ್ತೆ ಸವಾನೆ ಕೋಲೂರಿಕೊಂಡು ಬಂದಳು. "ಭೇಷ್. ತಗಡು ಎಲ್ಲಿ ಹಾಸಿದ್ದೀಯೆ?"

ನೆಕೊಚೆ ಹಾಸಿರಲಿಲ್ಲ. ಕಬ್ಬಿಣದ ತಗಡು ಹಾಸದೆ ಬೆಂಕಿ ಮಾಡುವ ಹೆಂಗಸು ಅವರಲ್ಲಿ ಯಾರೂ ಇರಲಿಲ್ಲ.

"ನೆಲ ಮುಟ್ಟಿ ನೋಡು."

ಮುಟ್ಟಿದಳು. ಪಾಚಿ ಬೆಚ್ಚಗಿತ್ತು.

"ಬೇರಿಗೆ ಇಳಿದಿದೆ ಕಣೇ. ಬಿಟ್ಟರೆ ಹಿಮ ಬೀಳೋ ತನಕ ದಿಬ್ಬಾನೆಲ್ಲ ಒಳಗೊಳಗೇ ತಿಂತದೆ. ಮುಂದಿನ ಬೇಸಿಗೇಲಿ ಬಂದು ಏನು ಸುಡ್ತೀಯ, ನನ್ನ ಕೋಲನ್ನಾ?"

"ನೀರು ಹಾಕಿದ್ರೆ ಹೊಗೆ ಹೋಗ್ತದಲ್ಲ ಅತ್ತೆ! ಮಂದೆ ಓಡ್ತದೆ."

"ಅದಕ್ಕೆ? ನಿಂತು ಅಳ್ತೀಯಾ?"

ನೆಕೊಚೆ ಡೇರೆಗೆ ಓಡಿದಳು. ಕೆಟಲನ್ನು ಇಳಿಸಿ, ಅದೇ ನೀರಿನಿಂದ ಒಲೆ ಆರಿಸಿ, ಅಡಿಯ ತಗಡನ್ನು ಕಿತ್ತಳು. ಮೂಲೆಯ ತೂತಿಗೆ ಸರಪಳಿ ಸಿಕ್ಕಿಸಿ ದಿಬ್ಬಕ್ಕೆ ಎಳೆದು ತಂದು, ಮೇಲಿನ ಕೆಂಡವನ್ನು ಅದರ ಮೇಲೆ ಬಾಚಿ ಹಸಿ ಬರ್ಚ್ ಒಟ್ಟಿದಳು. ಹೊಗೆಯುವ ತಗಡನ್ನು ದಿಬ್ಬದ ಕೆಳಗಿನ ಕೆರೆಯಂಚಿಗೆ, ಬೇರಿಲ್ಲದ ಮರಳಿನ ಕಡೆ ಎಳೆಯತೊಡಗಿದಳು. ಮುದಿ ಹೆಣ್ಣು ಸಾರಂಗವೊಂದು ಹೊಗೆಯ ಹಿಂದೆ ಹೆಜ್ಜೆ ಹಾಕಿತು. ಆಮೇಲೆ ಇನ್ನೊಂದು. ಆಮೇಲೆ ಮಂದೆಗೆ ಮಂದೆಯೇ.

"ಮೆಲ್ಲಗೆ! ದಿಬ್ಬಣ ಹೊರಡಿಸಿದ್ದೀಯ, ಮದುಮಗಳೇ ಓಡಿಹೋದರೆ ಹೇಗೆ?"

ಮರಳಿನ ಮೇಲೆ ಹೊಗೆ ಕಾಯಲು ಸವಾನೆ ಕೂತಳು. ನೆಕೊಚೆ ದಿಬ್ಬಕ್ಕೂ ಕೆರೆಗೂ ಬಕೆಟ್ ಹಿಡಿದು ಅಲೆದಳು. ಇಲ್ಲಿ ಆರಿತು ಅನ್ನುವಷ್ಟರಲ್ಲಿ ಅಲ್ಲೊಂದು ಬೇರಿನ ಸಂದಿಯಿಂದ ನೂಲಿನಂಥ ಹೊಗೆ.

ಸಂಜೆ ಪುಡಾಕೊ ಮರಿಗಳೊಂದಿಗೆ ಬಂದ. "ಚಹಾ ಇದೆಯಾ ಅಮ್ಮ?"

"ಒಲೆ ನಿನ್ನ ಮಂದೆ ಕಾಯ್ತಾ ಇದೆ. ಅದನ್ನೇ ಕೇಳು."

ಅವನು ದಿಬ್ಬಕ್ಕೆ ಬಂದು ಕರಕಲಾದ ಪೊದೆಗಳನ್ನು ನೋಡಿದ. "ನಾಳೆ ಡೇರೆ ಕಿತ್ತು ಮುಂದಿನ ಮೇವಿಗೆ ಹೊರಡಬೇಕಿತ್ತಲ್ಲೇ."

"ನೀವು ಹೋಗಿ," ಅಂದಳು ನೆಕೊಚೆ, ತಲೆಯೆತ್ತದೆ. "ಇದು ಆರೋ ತನಕ ನಾನು ಬರಲ್ಲ."

ಪುಡಾಕೊ ತಾನು ಬಂದ ಜಾರುಬಂಡಿಯ ಸಾರಂಗಗಳನ್ನು ಬಿಚ್ಚಿ ಬಿಟ್ಟು, ಸನಿಕೆ ಹುಡುಕಲು ಹೋದ.