ಲಿಂಡನ್ ಬೀದಿಯ ಪಾರಂಪರಿಕ ಗ್ಯಾರೇಜು

ಲಿಂಡನ್ ಬೀದಿಯಲ್ಲಿ ಕೆಟ್ಟವರು ಅಂತ ಯಾರೂ ಇರಲಿಲ್ಲ. ಹಾಗೆಂದು ಆ ಬೀದಿಯವರೇ ಹೇಳಿಕೊಳ್ಳುತ್ತಿದ್ದರು. ಮನೆಮನೆಯ ಮುಂದಿನ ಹುಲ್ಲಿನಲ್ಲೂ ‘ಇಲ್ಲಿ ಎಲ್ಲರಿಗೂ ಸ್ವಾಗತ’ ಎಂದು ಐದಾರು ಭಾಷೆಗಳಲ್ಲಿ ಬರೆದ ಫಲಕ ನೆಟ್ಟಿತ್ತು. ಚುನಾವಣೆ ಬಂತೆಂದರೆ ಅದರ ಪಕ್ಕದಲ್ಲಿ ಎಡಪಂಥದವರ ಕಿತ್ತಳೆ ಬಣ್ಣದ್ದೋ ಪರಿಸರವಾದಿಗಳ ಹಸಿರು ಬಣ್ಣದ್ದೋ ಇನ್ನೊಂದು ಏಳುತ್ತಿತ್ತು. ಒಮ್ಮೆ ಒಬ್ಬ ಮುದುಕ ಬಲಪಂಥದ ಕನ್ಸರ್ವೇಟಿವರ ನೀಲಿ ಫಲಕ ನೆಟ್ಟ. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಆ ಚಳಿಗಾಲದಲ್ಲಿ ಅಕ್ಕಪಕ್ಕದವರು ಹಿಮ ಬಳಿಯುವಾಗ ಅವನ ಮನೆಯ ಗಡಿಗೆ ಸರಿಯಾಗಿ ಸಲಿಕೆ ನಿಲ್ಲಿಸುತ್ತಿದ್ದರು, ಅಷ್ಟೇ.

ಇಂಥ ಬೀದಿಗೆ ಗ್ಲೆಂಡಾ ಕಾರ್ಮೈಕಲ್ ಕಳಶವಿದ್ದಂತೆ. ಪ್ರತಿ ಶನಿವಾರ ಊರಿನ ಪತ್ರಿಕೆಯಲ್ಲಿ ಆಕೆಯ ಅಂಕಣ ಬರುತ್ತಿತ್ತು. ಪ್ರಾಂತದ ಸರ್ಕಾರ, ಒಟ್ಟಾವದ ಕೇಂದ್ರ ಸರ್ಕಾರ, ಕಟ್ಟಡದ ದೊಡ್ಡ ಕುಳಗಳು, ಕಚ್ಚಾತೈಲದ ಕಂಪನಿಗಳು, ಆ ತೈಲ ತೆಗೆಯುವ ಆಲ್ಬರ್ಟಾ ಪ್ರಾಂತ, ಹೀಗೆ ಸರದಿಯ ಮೇಲೆ ಎಲ್ಲರಿಗೂ ಮಂಗಳಾರತಿಯಾಗುತ್ತಿತ್ತು. ಆಲ್ಬರ್ಟಾಕ್ಕೆ ಸ್ವಲ್ಪ ಹೆಚ್ಚೇ. ‘ಮನೆ ಎನ್ನುವುದು ಮನುಷ್ಯನ ಹಕ್ಕು’ ಎಂದು ಆಕೆ ಎಷ್ಟು ಸಲ ಬರೆದಿದ್ದಳೆಂದರೆ, ಆ ವಾಕ್ಯವಿದ್ದ ಅಂಗಿಗಳನ್ನು ಬೀದಿಯವರು ಹೊಲಿಸಿಕೊಂಡಿದ್ದರು.

ಕಷ್ಟ ಶುರುವಾದದ್ದು ಬೀದಿಯ ಮೂಲೆಯ ಚರ್ಚು ಆ ವಾಕ್ಯವನ್ನು ನಂಬಿದಾಗ. ಭಾನುವಾರದ ಪ್ರಾರ್ಥನೆಗೆ ಬರುವವರು ಕಡಿಮೆಯಾಗಿದ್ದರು, ಕಾರು ನಿಲ್ಲಿಸುವ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ನಾಲ್ಕು ಅಂತಸ್ತಿನ ಸಹಕಾರಿ ವಸತಿ ಕಟ್ಟಿ ನಲವತ್ತು ಸಂಸಾರಗಳಿಗೆ ಕಡಿಮೆ ಬಾಡಿಗೆಗೆ ಕೊಡುವುದೆಂದು ಪಾದ್ರಿ ನಡೀನ್ ನಿರ್ಧರಿಸಿದಳು. ಗ್ಲೆಂಡಾ ಖಂಡಿತ ಮೆಚ್ಚುತ್ತಾಳೆಂದು ಮೊದಲ ಸುದ್ದಿಯನ್ನು ಅವಳಿಗೇ ತಂದಳು, ಪಾಪ.

ಆ ವಾರವೇ ಗ್ಲೆಂಡಾಳ ಅಡುಗೆಮನೆಯಲ್ಲಿ ಬೀದಿಯವರ ಸಭೆ ಸೇರಿತು. ‘ನಾವು ಕೂತಿರುವ ಈ ನೆಲ ನಮ್ಮದಲ್ಲ, ಮೂಲನಿವಾಸಿಗಳದ್ದು’ ಎಂದು ಆ ದೇಶದ ಸಭೆಗಳ ಪದ್ಧತಿಯಂತೆ ಎಲ್ಲರೂ ಎದ್ದು ನಿಂತು ಒಪ್ಪಿಕೊಂಡರು. ಆಮೇಲೆ ಕೂತು, ನಮ್ಮ ಬೀದಿಗೆ ಹೊರಗಿನವರು ಬರದಂತೆ ಏನು ಮಾಡುವುದೆಂದು ಚರ್ಚೆಗಿಳಿದರು.

‘ನಾನು ವಿರೋಧಿ ಅಲ್ಲ ಕಣ್ರೀ,’ ಎಂದ ನಿವೃತ್ತ ಇತಿಹಾಸ ಪ್ರೊಫೆಸರ್ ಆಲಿಸ್ಟರ್. ‘ಬಡವರಿಗೆ ಮನೆ ಬೇಕೇ ಬೇಕು. ಆದ್ರೆ ನಾಲ್ಕು ಅಂತಸ್ತು ಅಂದ್ರೆ ನನ್ನ ಟೊಮ್ಯಾಟೊ ಗಿಡಕ್ಕೆ ಬಿಸಿಲು ಎಲ್ಲಿಂದ ಬರ್ಬೇಕು?’

‘ನನಗೆ ಅವರದ್ದೇ ಚಿಂತೆ,’ ಎಂದಳು ಯೋಗ ಕಲಿಸುವ ಫಿಲಿಪ್ಪಾ. ‘ಇಲ್ಲಿ ಒಂದು ಕಾಫಿಗೆ ಎಷ್ಟು ಕೊಡ್ಬೇಕು ಗೊತ್ತಲ್ಲ. ಪಾಪ, ಅವರಿಗೆ ಇಲ್ಲಿ ಹಿಂಸೆ ಆಗಲ್ವಾ?’

ಗ್ಲೆಂಡಾ ಎಲ್ಲರಿಗೂ ಬುದ್ಧಿ ಹೇಳಿದಳು. ‘ಬೇಡ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು. ಬೇಕು, ಆದ್ರೆ ಸೂಕ್ಷ್ಮವಾಗಿ ಯೋಚಿಸ್ಬೇಕು ಅನ್ನಿ. ಉಳಿದದ್ದು ನನಗೆ ಬಿಡಿ.’

ಉಳಿದದ್ದನ್ನು ಆಕೆ ಒಂದೇ ವಾರಾಂತ್ಯದಲ್ಲಿ ಮುಗಿಸಿದಳು. ಎಪ್ಪತ್ತೊಂದನೆಯ ಇಸವಿಯಲ್ಲಿ ಈ ಬೀದಿಯನ್ನು ಸೀಳಿಕೊಂಡು ಹೆದ್ದಾರಿ ಹೋಗಬೇಕಿತ್ತು. ಜನ ಎದ್ದು ನಿಂತು ತಡೆದಿದ್ದರು. ಇದು ನಿಜ. ಅವರು ಸೇರುತ್ತಿದ್ದದ್ದು ಚರ್ಚಿನ ಕಾರು ನಿಲ್ಲಿಸುವ ಜಾಗದಲ್ಲಿ. ಇದು ಇರಬಹುದು. ಅವರ ಭಿತ್ತಿಪತ್ರಗಳೆಲ್ಲ ತಯಾರಾದದ್ದು ಈಗ ಗ್ಲೆಂಡಾಳದಾಗಿರುವ ಮನೆಯ ಹಿತ್ತಿಲಿನ ಕಾರಿನ ಗ್ಯಾರೇಜಿನಲ್ಲಿ, ಬಾಗಿಲ ಮೇಲಿನ ಬಣ್ಣದ ಕಲೆಗಳೇ ಅದಕ್ಕೆ ಸಾಕ್ಷಿ. ಇದು ಮಾತ್ರ ಶುದ್ಧ ಸುಳ್ಳು. ಆ ಕಲೆಗಳು ಆಕೆಯ ಮಾಜಿ ಗಂಡ ದೋಣಿಗೆ ಬಣ್ಣ ಹೊಡೆದಾಗ ಆದವು. ಆದರೆ ಬರೆಯುವ ಕೈಗೆ ಹುರುಪು ಬಂದುಬಿಟ್ಟರೆ ನಿಲ್ಲಿಸುವವರಾರು? ಚರ್ಚಿನ ಕಾರು ನಿಲ್ಲಿಸುವ ಡಾಂಬರಿನಿಂದ ಗ್ಲೆಂಡಾಳ ಗ್ಯಾರೇಜಿನವರೆಗೆ ಇಡೀ ಬೀದಿಯೇ ಜನಹೋರಾಟದ ತೀರ್ಥಕ್ಷೇತ್ರ, ಇದನ್ನು ಪಾರಂಪರಿಕ ಪ್ರದೇಶವೆಂದು ಕಾಪಾಡಬೇಕು ಎಂದು ಅರ್ಜಿ ಹೋಯಿತು. ನಗರಸಭೆಯವರು ಓದಿ ಕಣ್ಣೊರೆಸಿಕೊಂಡು ಒಪ್ಪಿದರು. ಪಾರಂಪರಿಕ ಪ್ರದೇಶದಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಂತಿಲ್ಲ, ಚರ್ಚಿನ ಯೋಜನೆ ಅಲ್ಲಿಗೆ ನಿಂತಿತು. ನಡೀನ್ ವಕೀಲರನ್ನು ಹಿಡಿದು ಮೇಲ್ಮನವಿ ಹಾಕಿದಳು. ಲಿಂಡನ್ ಬೀದಿ ಸಿಹಿ ಹಂಚಿಕೊಂಡು ತಿಂದಿತು.

ಚಳಿಗಾಲ ಬರುವ ಹೊತ್ತಿಗೆ ಮಗಳು ಬ್ರಿಯೊನಿಯ ಫೋನು ಬಂತು. ಅವಳೂ ಅವಳ ಗಂಡ ಓವೆನ್ನನೂ ಊರಿನ ಆಚೆ ತುದಿಯಲ್ಲಿ ಬಾಡಿಗೆಗಿದ್ದರು. ರಿಪೇರಿ ಮಾಡಿಸಬೇಕು, ಖಾಲಿ ಮಾಡಿ ಎಂದಿದ್ದ ಮಾಲೀಕ. ರಿಪೇರಿಯ ನಂತರ ಬಾಡಿಗೆ ದುಪ್ಪಟ್ಟಾಗುವುದು ಎಲ್ಲರಿಗೂ ಗೊತ್ತಿದ್ದ ವಿಚಾರ. ಮೇಲಾಗಿ ಬ್ರಿಯೊನಿ ಬಸುರಿ.

‘ಇಲ್ಲಿಗೇ ಬನ್ನಿ,’ ಎಂದಳು ಗ್ಲೆಂಡಾ. ಮಾತು ಮನಸ್ಸಿನಿಂದಲೇ ಬಂದಿತ್ತು. ಆಕೆಗಿದ್ದವಳು ಒಬ್ಬಳೇ ಮಗಳು. ಮೊಮ್ಮಗು ಅಂಗಳದಲ್ಲಿ ಅಂಬೆಗಾಲಿಡುವುದನ್ನು ನೆನೆದು ಫೋನಿಟ್ಟಮೇಲೆ ಸ್ವಲ್ಪ ಹೊತ್ತು ಕುಣಿದಾಡಿದಳು. ಮನೆಯೊಳಗೇ ಇರಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಾರದು. ಮಹಡಿಯ ಒಂದು ಕೋಣೆ ಅಂಕಣಕ್ಕೆ, ಇನ್ನೊಂದು ಧ್ಯಾನಕ್ಕೆ. ಪ್ರಗತಿಪರ ಚಿಂತನೆಗೆ ಜಾಗ ಬೇಕಾಗುತ್ತದೆ. ಹಿತ್ತಿಲಲ್ಲಿ ಗ್ಯಾರೇಜು ಇತ್ತಲ್ಲ. ಅದನ್ನು ಕೆಡವಿ ಎರಡು ಕೋಣೆಯ ಪುಟ್ಟ ಮನೆ ಕಟ್ಟಿಸುವುದೆಂದಾಯಿತು. ಬ್ರಿಯೊನಿ ಪರದೆಯ ಬಟ್ಟೆ ಕೂಡ ಆರಿಸಿಟ್ಟಳು.

ನಗರಸಭೆಯ ಕಿಟಕಿಯಲ್ಲಿದ್ದ ಹುಡುಗಿ ನಕ್ಷೆ ನೋಡಿ ಮೂರು ಸಲ ಕ್ಷಮೆ ಕೇಳಿದಳು. ಯಾರಾದರೂ ಕಾಲು ತುಳಿದರೂ ತಾವೇ ಕ್ಷಮೆ ಕೇಳುವ ದೇಶ ಅದು. ಮೂರು ಸಲ ಕೇಳಿದರೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ.

‘ಕ್ಷಮಿಸಿ ಮೇಡಂ, ಈ ಗ್ಯಾರೇಜು ಸಂರಕ್ಷಿತ. ಭಿತ್ತಿಪತ್ರ ತಯಾರಾದದ್ದು ಇಲ್ಲೇ ಅಲ್ವಾ? ನಿಮ್ಮ ಅರ್ಜಿ ಓದಿ ನನಗೆ ಮೈ ಜುಮ್ ಅಂದಿತ್ತು. ಕೆಡವೋದಕ್ಕೆ ಸಮಿತಿ ಮುಂದೆ ವಿಚಾರಣೆ ಆಗ್ಬೇಕು.’

ವಿಚಾರಣೆ ಮಾರ್ಚಿಗೆ ಬಂತು. ಬ್ರಿಯೊನಿಗೆ ಆಗ ಏಳು ತಿಂಗಳು. ಆಲ್ಬರ್ಟಾದ ಎಡ್ಮಂಟನ್ನಿನಲ್ಲಿ ಓವೆನ್ನನಿಗೆ ಒಂದು ಕೆಲಸ ಬಂದಿತ್ತು. ಅಲ್ಲಿ ಮನೆ ಅಗ್ಗ. ಇಲ್ಲಿ ಗ್ಯಾರೇಜು ಸಿಕ್ಕರೆ ಉಳಿಯುವುದು, ಇಲ್ಲದಿದ್ದರೆ ಹೊರಡುವುದೆಂದು ಗಂಡಹೆಂಡತಿ ನಿರ್ಧರಿಸಿದ್ದರು.

ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಬ್ರಿಯೊನಿ ಅಮ್ಮನ ಕೈ ಹಿಡಿದುಕೊಂಡಳು. ‘ಅಮ್ಮಾ, ಆ ಕಲೆ ಅಪ್ಪನ ದೋಣೀದು. ನನಗೂ ಗೊತ್ತು, ನಿಂಗೂ ಗೊತ್ತು. ಅಷ್ಟು ಹೇಳ್ಬಿಡು ಸಾಕು. ಉತ್ಸಾಹದಲ್ಲಿ ಬರೆದ್ಬಿಟ್ಟೆ ಅನ್ನು. ಯಾರೂ ನಿನ್ನ ಗಲ್ಲಿಗೇರಿಸಲ್ಲ.’

‘ಹೇಳ್ತೀನಿ ಕಣೇ. ನೀನು ಚಿಂತೆ ಮಾಡ್ಬೇಡ,’ ಎಂದಳು ಗ್ಲೆಂಡಾ. ಹೇಳಬೇಕೆಂದೇ ಒಳಗೆ ಹೋದಳು.

ಮೊದಲು ನೆಲ ನಮ್ಮದಲ್ಲವೆಂದು ಒಪ್ಪಿಕೊಂಡಾಯಿತು. ಆಮೇಲೆ ಬೀದಿಯವರು ಒಬ್ಬೊಬ್ಬರಾಗಿ ಎದ್ದರು. ಗ್ಲೆಂಡಾ ಅವರನ್ನು ನೋಡಿ, ನನ್ನ ಪರ ಮಾತಾಡಲು ಬಂದಿದ್ದಾರೆಂದುಕೊಂಡು ಕೈ ಬೀಸಿದ್ದಳು.

‘ತಪ್ಪು ತಿಳ್ಕೋಬೇಡ ಗ್ಲೆಂಡಾ,’ ಎಂದ ಆಲಿಸ್ಟರ್. ‘ಬ್ರಿಯೊನಿ ನಮ್ಮ ಕಣ್ಮುಂದೆ ಬೆಳೆದ ಹುಡುಗಿ. ಅವಳಿಗೆ ಮನೆ ಬೇಕೇ ಬೇಕು. ಆದ್ರೆ ಆ ಗ್ಯಾರೇಜು ಬರೀ ನಿನ್ನದಲ್ಲ, ಚರಿತ್ರೆಯದ್ದು. ಇದನ್ನ ಸೂಕ್ಷ್ಮವಾಗಿ ಯೋಚಿಸ್ಬೇಕು.’

ಫಿಲಿಪ್ಪಾ ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡಳು. ‘ನನಗೆ ಮಗುವಿನದ್ದೇ ಚಿಂತೆ. ಹಿತ್ತಿಲಲ್ಲಿ ಬೆಳೆದ್ರೆ ಅದರ ಮನಸ್ಸಿನ ಮೇಲೆ ಏನು ಪರಿಣಾಮ ಆಗ್ಬಹುದು?’

ಗ್ಲೆಂಡಾಳಿಗೆ ಮೈ ಉರಿಯಿತು. ಈ ಕಳ್ಳರ ಒಂದೊಂದು ಮಾತೂ ತಾನೇ ಅಡುಗೆಮನೆಯಲ್ಲಿ ಬಾಯಿಪಾಠ ಮಾಡಿಸಿದ್ದು! ಸಮಿತಿಯ ಅಧ್ಯಕ್ಷೆ ಆಕೆಯತ್ತ ತಿರುಗಿ, ‘ಅರ್ಜಿಯಲ್ಲಿ ನೀವೇ ಕೊಟ್ಟ ವಿವರದಲ್ಲಿ ಏನಾದ್ರೂ ಬದಲಾವಣೆ ಇದೆಯಾ?’ ಎಂದು ಕೇಳಿದಳು. ಅಷ್ಟೇ ಬೇಕಿತ್ತು. ಗ್ಲೆಂಡಾ ಎದ್ದಳು. ದೋಣಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಹಿಂದಿನ ಸಾಲಿನಲ್ಲಿ ಪಾದ್ರಿ ನಡೀನ್ ಕಾಣಿಸಿದಳು. ಪಕ್ಕದಲ್ಲಿ ಅವಳ ವಕೀಲ ಪೆನ್ನಿನ ಮುಚ್ಚಳ ತೆಗೆದುಕೊಂಡು ಕೂತಿದ್ದ. ಗ್ಯಾರೇಜಿನ ಕಥೆ ಸುಳ್ಳೆಂದರೆ ಚರ್ಚಿನ ಡಾಂಬರಿನ ಕಥೆಯನ್ನು ಯಾರು ನಂಬುತ್ತಾರೆ? ಮೇಲ್ಮನವಿ ಗೆದ್ದಂತೆಯೇ. ನಾಲ್ಕು ಅಂತಸ್ತು ಏಳುತ್ತದೆ, ನಲವತ್ತು ಸಂಸಾರ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಗ್ಲೆಂಡಾ ಕಾರ್ಮೈಕಲ್ ಸುಳ್ಳು ಬರೆದಳೆಂದು ಸೋಮವಾರ ಬೆಳಿಗ್ಗೆ ಇಡೀ ಊರು ಮಾತಾಡುತ್ತದೆ. ಯಾರಿಗೆಲ್ಲ ಆಕೆ ಮಂಗಳಾರತಿ ಎತ್ತಿದ್ದಳೋ ಅವರೆಲ್ಲ ತಟ್ಟೆ ಹಿಡಿದುಕೊಂಡು ಬರುತ್ತಾರೆ.

ಬ್ರಿಯೊನಿ ಕೆಳಗಿನಿಂದ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

‘ಬದಲಾವಣೆ ಏನಿಲ್ಲ,’ ಎಂದಳು ಗ್ಲೆಂಡಾ. ‘ನೆರೆಯವರ ಭಾವನೆಗಳನ್ನ ಗೌರವಿಸ್ತೀನಿ. ಇನ್ನೂ ವ್ಯಾಪಕವಾಗಿ ಚರ್ಚೆ ಆಗ್ಲಿ.’

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನಸ್ಸು, ಸ್ವಂತ ಮಗಳ ವಿಷಯದಲ್ಲೂ ತತ್ವ ಬಿಡಲಿಲ್ಲ ನೋಡಿ ಎಂದು ಫಿಲಿಪ್ಪಾ ಕಣ್ಣೊರೆಸಿಕೊಂಡಳು. ಬ್ರಿಯೊನಿ ಕೋಟು ಹಾಕಿಕೊಂಡಳು. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ, ಹಾಗೇ ಬಿಟ್ಟಳು. ಬಾಗಿಲ ಬಳಿ ಗ್ಲೆಂಡಾ ಓಡಿಹೋಗಿ ತೋಳು ಹಿಡಿದಾಗ ಕೈ ಕೊಸರಿಕೊಳ್ಳಲೂ ಇಲ್ಲ.

‘ಆ ನಲವತ್ತು ಮನೇಲಿ ಒಂದು ನಮಗೇ ಸಿಗ್ತಿತ್ತೇನೋ ಅಮ್ಮಾ,’ ಎಂದಳು. ‘ಅದಕ್ಕೂ ಹೆಸರು ಬರೆಸಿದ್ವಿ. ನಿಂಗೆ ಹೇಳಿರ್ಲಿಲ್ಲ.’

ಏಪ್ರಿಲಿನಲ್ಲಿ ಅವರು ಆಲ್ಬರ್ಟಾಕ್ಕೆ ಹೊರಟರು. ಆ ಶನಿವಾರದ ಅಂಕಣದಲ್ಲಿ ಗ್ಲೆಂಡಾ, ಎಳೆಯ ಸಂಸಾರಗಳನ್ನು ಊರಿನಿಂದ ಓಡಿಸುತ್ತಿರುವವರು ಯಾರು ಎಂದು ಗುಡುಗಿದಳು. ಪ್ರಾಂತವನ್ನು ಬಿಡಲಿಲ್ಲ, ಒಟ್ಟಾವವನ್ನು ಬಿಡಲಿಲ್ಲ, ಮಾಲೀಕರನ್ನಂತೂ ಬಿಡಲೇ ಇಲ್ಲ. ಬೀದಿಯವರೆಲ್ಲ ಬಂದು ಬೆನ್ನು ತಟ್ಟಿದರು. ಆ ಅಂಕಣವನ್ನು ಗ್ಲೆಂಡಾ ಬ್ರಿಯೊನಿಗೂ ಕಳಿಸಿದಳು. ಉತ್ತರ ಬರಲಿಲ್ಲ. ಧ್ಯಾನದ ಕೋಣೆಯಲ್ಲಿ ಕೂತು ಆಕೆ ಎಷ್ಟೋ ದಿನ ಧ್ಯಾನ ಬಿಟ್ಟು ಬರೀ ಅತ್ತಳು.

ಮೇ ತಿಂಗಳ ಕೊನೆಗೆ ಗ್ಯಾರೇಜಿಗೆ ಕಂಚಿನ ಫಲಕ ಬಂತು. ಮೇಯರು ಬಂದ, ಪರದೆ ಸರಿಸಿದ, ಜನಹೋರಾಟಕ್ಕೆ ಜೈಕಾರವಾಯಿತು. ಗ್ಲೆಂಡಾ ಭಾಷಣ ಮುಗಿಸುವಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಓವೆನ್ನನ ಸಂದೇಶ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂತ. ಜೊತೆಗೆ ಒಂದು ಚಿತ್ರ, ಕೆಂಪು ಮುಖ, ಮುಷ್ಟಿ ಕಟ್ಟಿದ ಕೈ.

ಫಿಲಿಪ್ಪಾ ಹೆಗಲ ಮೇಲಿನಿಂದ ಇಣುಕಿದಳು. ‘ಅಯ್ಯೋ ಬಂಗಾರ! ಯಾವಾಗ ಕರ್ಕೊಂಡು ಬರ್ತಾರೆ? ನಾವೆಲ್ಲ ನೋಡ್ಬೇಡ್ವಾ?’

ಗ್ಲೆಂಡಾ ಹಿಂದಕ್ಕೆ ಸರಿದು ಗ್ಯಾರೇಜಿನ ಬಾಗಿಲಿಗೆ ಒರಗಿಕೊಂಡಳು. ಫೋನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆಲಿಸ್ಟರ್ ಹತ್ತಿರ ಬಂದು ಮೆಲ್ಲಗೆ ಆಕೆಯ ಮೊಣಕೈ ಹಿಡಿದ.

‘ಕ್ಷಮಿಸು ಗ್ಲೆಂಡಾ,’ ಎಂದ. ‘ಸ್ವಲ್ಪ ಈ ಕಡೆ ನಿಂತ್ಕೊಂಡು ಅಳ್ತೀಯಾ? ಬಣ್ಣದ ಕಲೆ ಉಜ್ಜಿ ಹೋಗುತ್ತೆ.’