ಆರನೆಯ ಹೆಗಲು

"ಐವತ್ತೇಳು ರಿಂಗ್ ಆಗ್ತಾ ಉಂಟು," ಎಂದಳು ಜೋಸ್ಫಿನ್, ಅಪ್ಪನ ಹಳೆಯ ಫೋನನ್ನು ಕಿವಿಗೊತ್ತಿಕೊಂಡು.

ಆ ಕಡೆಯವನು ಎತ್ತಿದ್ದೇ ತಡ, ಕೇಳಿದ: "ಹಾಂ ಪಾಯ್ಸ್ ಸಾಬ್, ಕೌನ್ ಗಯಾ?"

ಯಾರು ಹೋದರು ಎಂದು ಕೇಳುತ್ತಿದ್ದಾನೆ. ಪಾಯ್ಸ್ ಸಾಬರ ಫೋನು ಬಂತೆಂದರೆ ಯಾರೋ ಹೋದರೆಂದೇ ಅರ್ಥ. ಜೋಸ್ಫಿನ್ ಫೋನನ್ನು ಕಿವಿಯಿಂದ ತೆಗೆದು ಚಾಚಿದಳು. ಪಕ್ಕದಲ್ಲಿದ್ದ ಜಯಪಾಲರು ಫೋನು ತೆಗೆದುಕೊಂಡು, "ಸಾಬ್ ಹೀ ಗಯಾ, ಭಾಯ್," ಎಂದರು. ಆಮೇಲೆ ಆ ಕಡೆಯ ಮಾತು ಕೇಳಿಸಿಕೊಂಡು ಫೋನು ಕೆಳಗಿಳಿಸಿದರು.

"ಅವನೀಗ ಅಬುಧಾಬಿಯಲ್ಲಿ ಅಂತೆ. ಫೋರ್‌ಮನ್ ಬಿಡುವುದಿಲ್ಲ. ಅಳ್ತಾ ಇದ್ದಾನೆ ಮಾರಾಯ್ತಿ, ಮಕ್ಕಳ ಹಾಗೆ."

ಗಲ್ಫಿನಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ಕಳಿಸಲು ಸಿದ್ಧಪಡಿಸುವ ಮುಹೈಸ್ನಾದ ಎಂಬಾಮಿಂಗ್ ಕೇಂದ್ರದ ಓಣಿಯಲ್ಲಿ ಅವರು ನಿಂತಿದ್ದರು. ಒಳಗೆ ಪಾಯ್ಸ್‌ರನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಹನ್ನೊಂದೂವರೆಗೆ ಆಂಬ್ಯುಲೆನ್ಸ್ ಹೊರಡಬೇಕು, ಮಧ್ಯಾಹ್ನ ಮಂಗಳೂರಿನ ವಿಮಾನ. ಜೋಸ್ಫಿನ್‌ಳ ಗಂಡ ಕಾನ್ರಾಡ್ ಕಾಗದಪತ್ರ ಹಿಡಿದುಕೊಂಡು ಮೊದಲೇ ಕಾರ್ಗೋ ಕಚೇರಿಗೆ ಹೋಗಿದ್ದ. ಇನ್ನುಳಿದದ್ದು ಒಂದೇ ಕೆಲಸ. ಬಾಗಿಲಿಂದ ಆಂಬ್ಯುಲೆನ್ಸ್‌ವರೆಗೆ ನಲವತ್ತು ಹೆಜ್ಜೆ, ಅದಕ್ಕೆ ಆರು ಹೆಗಲು.

ಹೆಗಲು ಇಲ್ಲದಿದ್ದರೂ ಏನೂ ನಿಲ್ಲುವುದಿಲ್ಲ. ಗಾಲಿಯ ಸ್ಟ್ರೆಚರ್ ಉಂಟು, ಎಲ್ಲರನ್ನೂ ಅದರಲ್ಲೇ ತಳ್ಳಿಕೊಂಡು ಹೋಗುವುದು. ಆದರೆ ಪಾಯ್ಸ್‌ರಿಗೆ ಆ ಗಾಲಿಯನ್ನು ಕಂಡರೆ ಆಗುತ್ತಿರಲಿಲ್ಲ. ಹೋಟೆಲೊಂದರಲ್ಲಿ ಯೂನಿಫಾರ್ಮ್ ಹೊಲಿಯುತ್ತಿದ್ದ ಈ ದರ್ಜಿ ಮೂವತ್ತು ವರ್ಷ ಪ್ರತಿ ಶುಕ್ರವಾರ ಇಲ್ಲಿಗೆ ಬಂದು, ಗುರುತು ಪರಿಚಯವಿಲ್ಲದವರ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು, ಐದು ಜನರನ್ನು ಹೇಗೋ ಗಂಟುಹಾಕಿಕೊಂಡು. "ಯಾರನ್ನೂ ಲಗೇಜಿನ ಹಾಗೆ ಕಳಿಸಬಾರದು" ಎನ್ನುತ್ತಿದ್ದರು. ಈಗ ಅವರದೇ ಸರದಿ ಬಂದಾಗ ಅದು ಮಂಗಳವಾರವಾಗಿತ್ತು. ಮಂಗಳವಾರ ಈ ಊರಲ್ಲಿ ಯಾರಿಗೆ ಪುರುಸೊತ್ತು?

ಅವರ ಫೋನಿನಲ್ಲಿ ಒಂದೂ ಹೆಸರಿರಲಿಲ್ಲ, ಬರೀ ಅಂಕಿಗಳು. ನೆಲದಿಂದ ಹೆಗಲಿನವರೆಗೆ ಎಷ್ಟು ಇಂಚು ಎಂಬ ಅಳತೆ. ಎದುರುಬದುರಿನ ಹೆಗಲು ಒಂದೇ ಎತ್ತರ ಇರದಿದ್ದರೆ ಪೆಟ್ಟಿಗೆ ವಾಲುತ್ತದೆ. ದರ್ಜಿಯ ಬುದ್ಧಿ ದರ್ಜಿಗೆ.

"ಎಷ್ಟು ಸಲ ಹೇಳಿದ್ದೆ ನಿಮ್ಮ ಪಪ್ಪನಿಗೆ," ಎಂದರು ಜಯಪಾಲರು. ಅದೇ ಹೋಟೆಲಿನ ಲಾಂಡ್ರಿಯಲ್ಲಿದ್ದವರು, ಹಳೆಯ ಜೊತೆಗಾರ. "ಒಂದು ಸಂಘ ಅಂತ ಮಾಡುವ, ಸರ್ಕಾರದ ಹತ್ರ ಲೈಸೆನ್ಸ್ ಕೇಳುವ, ಹೆಸರು, ಸೀಲು, ಮೆಂಬರ್‌ಗಳ ಪಟ್ಟಿ ಎಲ್ಲ ಇರ್ಲಿ ಅಂತ. ಕೇಳಿದ್ರಾ? ಈಗ ನೋಡಿ, ಇಂಚು ಹಿಡ್ಕೊಂಡು ಹುಡುಕ್ಬೇಕು."

"ಏಡನ್‌ದು ನಿಮಗೆ ಹೇಳಿಲ್ವಾ ಅಂಕಲ್?"

"ಏಡನ್‌ನಲ್ಲಿ ಇದ್ದದ್ದು ಗೊತ್ತು. ಹೆಚ್ಚು ಮಾತಾಡ್ತಿರಲಿಲ್ಲ."

* * *

ಏಡನ್‌ನಲ್ಲಿ ಒಂದು ಮರಣ ಸಹಾಯ ಸಂಘವಿತ್ತು. ಮೂವತ್ತು ಮನೆಗಳು, ಹೆಚ್ಚಿನವು ಕರಾವಳಿಯವು. ನಿಯಮ ಒಂದೇ. ಯಾರ ಮನೆಯಲ್ಲಿ ಸಾವಾದರೂ ಉಳಿದವರು ಕೆಲಸ ಬಿಟ್ಟು ಬರಬೇಕು, ಪೆಟ್ಟಿಗೆ ಆರು ಹೆಗಲ ಮೇಲೆ ಹೋಗಬೇಕು. ಕಾರ್ಯದರ್ಶಿ ಪಾಯ್ಸ್. ಹೊರುವವರಿಗೆ ನೋಯದಿರಲೆಂದು ಆರು ಕಪ್ಪು ಮೆತ್ತೆಗಳನ್ನೂ ಹೊಲಿದಿಟ್ಟಿದ್ದರು.

ದಕ್ಷಿಣ ಯೆಮೆನ್ ಆಗ ಸಮಾಜವಾದಿ ದೇಶವಾಗಿತ್ತು. ಆಸ್ಪತ್ರೆಯಲ್ಲಿ ಔಷಧಿ ಬಿಟ್ಟಿ, ಮಗಳಿಗೆ ಶಾಲೆ ಬಿಟ್ಟಿ. ಪಾಯ್ಸ್‌ರಿಗೆ ಆ ಸರ್ಕಾರದ ಮೇಲೆ ಒಳ್ಳೆಯ ಮನಸ್ಸೇ ಇತ್ತು. ಒಂದು ದಿನ ಬಡಾವಣೆಯ ಸಮಿತಿಯವನೊಬ್ಬ ಬಂದು, ಚಹಾ ಕುಡಿದು, ನಯವಾಗಿ ಹೇಳಿದ: ಸತ್ತವರನ್ನು ಮಣ್ಣು ಮಾಡುವುದು ಇನ್ನು ಜನರ ಸರ್ಕಾರದ ಕೆಲಸ, ಬಡವನ ಪೆಟ್ಟಿಗೆ ಸಣ್ಣ ಸಣ್ಣ ಸಂಘಗಳ ದಯೆಯಲ್ಲಿ ಯಾಕಿರಬೇಕು? ಮಾತು ಸರಿ ಎನಿಸಿತು. ಪಾಯ್ಸ್ ಯಾರನ್ನೂ ಕೇಳದೆ ಸೀಲು, ಸದಸ್ಯರ ಪುಸ್ತಕ, ಆರು ಮೆತ್ತೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕೊಟ್ಟರು. ಸಹಿಯನ್ನೂ ಹಾಕಿದರು.

ಎರಡು ವರ್ಷದ ಮೇಲೆ ಹೆಂಡತಿ ಎಮಿಲಿಯಾ ತೀರಿಕೊಂಡಳು. ಸರ್ಕಾರದ ವ್ಯಾನು ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಪೆಟ್ಟಿಗೆ ಒಳ್ಳೆಯದಿತ್ತು, ಕೆಲಸದವರು ಸಭ್ಯರಿದ್ದರು, ಯಾರನ್ನೂ ದೂರುವ ಹಾಗಿರಲಿಲ್ಲ. ಆದರೆ ಮೂವತ್ತು ಮನೆಗಳಿಂದ ಒಬ್ಬರೂ ಬರಲಿಲ್ಲ. ಸರ್ಕಾರ ನೋಡಿಕೊಳ್ಳುತ್ತದೆ ಎಂದುಕೊಂಡರು ಕೆಲವರು; ಗುಂಪುಗೂಡಿದರೆ ಏನನ್ನುತ್ತಾರೋ ಎಂದು ಹೆದರಿದರು ಕೆಲವರು. ಸ್ಮಶಾನದಲ್ಲಿ ಇದ್ದವರು ಪಾದ್ರಿ, ಪಾಯ್ಸ್ ಮತ್ತು ಎಂಟು ವರ್ಷದ ಜೋಸ್ಫಿನ್. ಗಾಲಿ ಕಲ್ಲಿಗೆ ತಾಗಿ ಪೆಟ್ಟಿಗೆ ಕುಲುಕಿದಾಗ ಮೇಲಿಟ್ಟಿದ್ದ ಅಮ್ಮನ ಜಪಸರ ಜಾರಿ ಬಿತ್ತು. ಮರಳಿನಿಂದ ಅದನ್ನು ಹೆಕ್ಕಿದವಳು ಜೋಸ್ಫಿನ್. ಅಪ್ಪ ಅಳುವುದನ್ನು ಅವಳು ಕಂಡದ್ದು ಅದೊಂದೇ ಸಲ.

* * *

"ಹೆಸರು ಬರೆದಿಟ್ಟರೆ ಯಾರಾದರೂ ಬಂದು ಕೇಳ್ತಾರೆ, ಕೇಳಿದರೆ ನಾನು ಕೊಟ್ಟುಬಿಡ್ತೇನೆ, ಒಮ್ಮೆ ಕೊಟ್ಟಿದ್ದೇನೆ ಅಂತಿದ್ರು ಪಪ್ಪ," ಎಂದಳು ಜೋಸ್ಫಿನ್. "ಅವರಿಗೆ ಸರ್ಕಾರದ ಮೇಲೆ ಸಿಟ್ಟಿರಲಿಲ್ಲ ಅಂಕಲ್. ತನ್ನ ಮೇಲೆಯೇ."

ಜಯಪಾಲರು ಮುಂದಿನ ನಂಬರ್ ಒತ್ತಿದರು.

ಹನ್ನೊಂದು ಗಂಟೆಗೆ ಅಲ್ ನಹ್ದಾದಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ಭಟ್ಕಳದ ಸೈಫುಲ್ಲಾ ಬಂದ. "ಪಾಯ್ಸ್ ಚಾಚಾ ನಮ್ಮ ಅಂಗಡಿ ಹುಡುಗನನ್ನ ಹೊತ್ತವರು. ಅಂಗಡಿ ಮುಚ್ಚಿ ಬಂದೆ," ಎಂದ. ಟ್ಯಾಕ್ಸಿ ಓಡಿಸುವ ಪೇಶಾವರದ ಉದ್ದನೆಯ ಆಳೊಬ್ಬ ಬಂದ. ರಾತ್ರಿಪಾಳಿ ಮುಗಿಸಿದ ನೇಪಾಳದ ವಾಚ್‌ಮನ್ ಮನೆಗೆ ಹೋಗದೆ ನೇರ ಬಂದ. ಹಿಂದಿನ ರಸ್ತೆಯ ಕೂಲಿಗಳ ಕ್ಯಾಂಪಿನಿಂದ ಕಾಲಿಗೆ ಸಿಮೆಂಟು ಮೆತ್ತಿಕೊಂಡೇ ಒಬ್ಬ ಬಂದ. ಜಯಪಾಲರನ್ನೂ ಸೇರಿಸಿದರೆ ಐದು. ಒಬ್ಬರಿಗೊಬ್ಬರು ಹೆಸರು ಕೇಳಲಿಲ್ಲ. ಬಂದವರೇ ಎತ್ತರ ನೋಡಿಕೊಂಡು ಜೋಡಿಯಾಗಿ ನಿಂತರು. ಅಷ್ಟು ವರ್ಷ ಅವರನ್ನು ಹಾಗೆ ಪಳಗಿಸಿದ್ದರು ಪಾಯ್ಸ್. ಗಿಡ್ಡ ವಾಚ್‌ಮನ್ನನ ಎದುರಿನ ಜಾಗ ಮಾತ್ರ ಖಾಲಿ ಉಳಿಯಿತು.

ಪೆಟ್ಟಿಗೆ ಹೊರಬಂತು, ಗಾಲಿಯ ಮೇಲೆ. ಜೋಸ್ಫಿನ್ ಮುಚ್ಚಳದ ಮೇಲೆ ಅಮ್ಮನ ಜಪಸರ ಇಟ್ಟಳು. ಚೀಲದಿಂದ ಅಪ್ಪನ ಮೆತ್ತೆಗಳನ್ನು ತೆಗೆದು ಐವರಿಗೂ ಕೊಟ್ಟಳು. ಹೋಟೆಲಿನ ಹಳೆಯ ಕರ್ಟನ್ ತುಂಡುಗಳಿಂದ ಇಲ್ಲಿ ಹೊಸದಾಗಿ ಹೊಲಿದವು ಅವು. ಒಂದು ಅವಳ ಕೈಯಲ್ಲೇ ಉಳಿಯಿತು.

ಆಂಬ್ಯುಲೆನ್ಸ್ ಡ್ರೈವರ್ ಗಡಿಯಾರ ತೋರಿಸಿ, ಗಾಲಿಯಲ್ಲೇ ತಳ್ಳಿ ಎಂದು ಅವಸರಿಸಿದ. "ಯಲ್ಲಾ, ಯಲ್ಲಾ. ಟ್ರಾಲಿ ಮೇ ಲೇ ಚಲೋ."

"ದೋ ಮಿನಿಟ್," ಎಂದರು ಜಯಪಾಲರು. ಆಮೇಲೆ ಅವಳ ಕಡೆ ತಿರುಗಿ, "ಎಲ್ಲ ನೋಡಿಯಾಯ್ತು ಜೋಸ್ಫಿನ್. ಅರ್ಧ ಜನ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋಗಿದ್ದಾರೆ. ಇನ್ನು ಒಂದೇ ನಂಬರ್ ಉಂಟು. ಐವತ್ತೈದು. ವಾಚ್‌ಮನ್ನನ ಜೋಡಿ," ಎಂದರು.

"ಮಾಡಿ ಅಂಕಲ್."

ಅವಳ ಕಣ್ಣು ಗಾಲಿಯ ಮೇಲೆಯೇ ಇತ್ತು. ಏಡನ್‌ನ ಗಾಲಿಗೂ ಇದಕ್ಕೂ ಏನು ವ್ಯತ್ಯಾಸ? ಅಷ್ಟು ಜನರನ್ನು ಹೊತ್ತ ಮನುಷ್ಯ ಕೊನೆಗೆ ಅದರ ಮೇಲೆಯೇ ಹೋಗುವುದೇ?

ಆಗ ಅವಳ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕಾನ್ರಾಡ್ ಇರಬೇಕೆಂದು ತೆಗೆದಳು. ಪರದೆಯ ಮೇಲೆ 'ಪಪ್ಪ' ಎಂದಿತ್ತು.

ಜೋಸ್ಫಿನ್ ತಲೆಯೆತ್ತಿದಳು. ಎದುರಿಗೆ ಜಯಪಾಲರು ಅಪ್ಪನ ಫೋನನ್ನು ಕಿವಿಗಿಟ್ಟುಕೊಂಡು ನಿಂತಿದ್ದರು.

ಕಳೆದ ವರ್ಷ ಕುಸೈಸ್‌ನ ಫ್ಲ್ಯಾಟಿನಲ್ಲಿ ಅವಳ ನರ್ಸ್ ಯೂನಿಫಾರ್ಮಿಗೆ ಅಳತೆ ತೆಗೆಯುವಾಗ ಅಪ್ಪ ಟೇಪನ್ನು ಹೆಗಲಿಂದ ನೆಲದವರೆಗೂ ಇಳಿಬಿಟ್ಟಿದ್ದರು. "ನೆಲದವರೆಗೆ ಯಾಕೆ ಪಪ್ಪ? ನಾನೇನು ಗೌನ್ ಹಾಕ್ಲಿಕ್ಕುಂಟಾ?" ಎಂದು ನಕ್ಕಿದ್ದಳು. "ಇರ್ಲಿ, ಬೇಕಾಗ್ತದೆ," ಎಂದಿದ್ದರು ಅವರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ತಾನಾಗಿಯೇ ನಿಂತ ಮೇಲೆ ಬ್ಯಾಗನ್ನು ಗೋಡೆಗೆ ಒರಗಿಸಿ, ಉಳಿದಿದ್ದ ಮೆತ್ತೆಯನ್ನು ಎಡ ಹೆಗಲ ಮೇಲಿಟ್ಟುಕೊಂಡು, ವಾಚ್‌ಮನ್ನನ ಎದುರಿಗೆ ಬಂದು ನಿಂತಳು.

"ಹೆಂಗಸರು ಹೊರುವುದಾ?" ಎಂದ ಸೈಫುಲ್ಲಾ ಮೆಲ್ಲಗೆ, ಬೇರೆ ಯಾರನ್ನೋ ಕೇಳುವವನಂತೆ.

"ಅಳತೆ ಪಾಯ್ಸ್‌ರದ್ದು," ಎಂದರು ಜಯಪಾಲರು. "ಅದು ತಪ್ಪಿದ್ದು ನಾನು ನೋಡಿಲ್ಲ. ಎತ್ತಿ."

ಆರು ಜನ ಬಗ್ಗಿದರು, ಎದ್ದರು. ಭಾರ ಹೆಗಲಿಗೆ ಕೂತಿತು. ಬಾಗಿಲಲ್ಲಿ ಗಾಲಿ ಖಾಲಿ ನಿಂತಿತು. ನಲವತ್ತು ಹೆಜ್ಜೆ, ಉರಿಬಿಸಿಲು. ಮುಚ್ಚಳದ ಮೇಲಿನ ಜಪಸರ ಆಂಬ್ಯುಲೆನ್ಸ್ ಮುಟ್ಟುವವರೆಗೂ ಇಟ್ಟಲ್ಲಿಂದ ಒಂದಿಷ್ಟೂ ಜಾರಲಿಲ್ಲ.