ಅವರು ಅಂದರೆ ಎಷ್ಟು ಜನ

ತೀರ್ಪಿನ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಆಕೆ ಕೇಳಿದಳು, "ಅಕ್ಕ, ತುಂಬಾ ಜನ ಹೊಡೆದ್ರು ಅಂತ ನಾನು ಯಾವತ್ತು ಹೇಳ್ದೆ?"

ಗಂಡನ ಕೈಯಿಂದ ಜೀವ ಉಳಿಸಿಕೊಂಡು ಈ ದೇಶಕ್ಕೆ ಬಂದು ರಕ್ಷಣೆ ಕೇಳಿದ್ದಳು. ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ಹಿಂದಕ್ಕೆ ಕಳಿಸಕೂಡದೆಂದು ದೇಶದೇಶಗಳು ಮಾಡಿಕೊಂಡ ಒಪ್ಪಂದದ ಮಾತು ಮೊದಲ ಪುಟದಲ್ಲೇ ಇತ್ತು. ಕೊನೆಯ ಪುಟದಲ್ಲಿ ಅರ್ಜಿ ವಜಾ. ಬರೆದುಕೊಟ್ಟ ಹೇಳಿಕೆಯಲ್ಲಿ ಹಲವರು ಹೊಡೆದರೆಂದಿದೆ, ವಿಚಾರಣೆಯಲ್ಲಿ ಗಂಡನೊಬ್ಬನೇ ಅಂದಿದ್ದಾಳೆ, ಆದ್ದರಿಂದ ನಂಬುವಂತಿಲ್ಲ. ಮೇಲ್ಮನವಿಗೆ ಹತ್ತು ದಿನ.

ವಿಚಾರಣೆಯಲ್ಲಿ ಫೋನಿನಿಂದ ಬೇರೆ ಯಾರೋ ಅನುವಾದಿಸಿದ್ದರು. ಬರಹದ ಹೇಳಿಕೆಯ ಅನುವಾದ ನನ್ನ ಕೆಲಸ. ಕಡತ ತರಿಸಿದೆ. ಗೆರೆ ಹಾಕಿದ ಹಾಳೆಯಲ್ಲಿ ಅವಳ ದುಂಡು ಅಕ್ಷರ: "ಅತ್ತೆ, ಮೈದುನ ಎಲ್ಲ ಮನೆಯಲ್ಲೇ ಇದ್ದರು. ಅವರು ಬಾಗಿಲು ಹಾಕಿಕೊಂಡು ಹೊಡೆದರು."

"ಇಲ್ಲಿ ಅವರು ಅಂದ್ರೆ?"

"ಅವರು," ಅಂದಳು. "ನಮ್ಮನೆಯವರು. ಇನ್ಯಾರು?"

"ಅವನು ಅಂತ ಬರೀಬಾರದಿತ್ತಾ?"

"ಬರೆಯೋಕೆ ಹೋದೆ ಅಕ್ಕ, ಕೈ ಬರ್ಲಿಲ್ಲ. ಏಟಿನ ಗುರುತು ಹೋಯ್ತು, ಅದೊಂದು ಹೋಗಿಲ್ಲ ನೋಡಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹೆಂಡತಿಯ ಬಾಯಲ್ಲಿ ಆ ಪದ ಒಬ್ಬನೇ ಒಬ್ಬನನ್ನು ತೋರಿಸುತ್ತದೆಂದು ನನಗೆ ತಿಳಿಯದೆ? ಹತ್ತೊಂಬತ್ತು ವರ್ಷ ನಾನೂ ಹಾಗೇ ಅಂದವಳು. ಆಮೇಲೆ ಹನ್ನೊಂದು ವರ್ಷ ಹಾಗನ್ನಲು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಅನುವಾದದಲ್ಲಿ ಪದ ನನಗೇ ತಿಳಿಯದ ಹಾಗೆ ಬಹುವಚನವಾಗಿ ಹೋಗಿತ್ತು.

ಅವಳ ವಕೀಲೆ ನೇರ ಮಾತಿನವಳು. "ಪದಕ್ಕೆ ಎರಡರ್ಥ ಇದೆ ಅಂತ ಬರೆದುಕೊಡಿ. ನೀವು ಉಳೀತೀರಿ, ಅವಳು ಉಳಿದರೂ ಉಳಿಯಬಹುದು. ತಪ್ಪು ನಿಮ್ಮದೇ ಅಂತ ಪ್ರಮಾಣ ಮಾಡಿದರೆ ಅವಳ ಕೇಸು ಗಟ್ಟಿ. ಆದರೆ ಅನುವಾದಕರ ಪಟ್ಟಿಯಿಂದ ನಿಮ್ಮ ಹೆಸರು ತೆಗೀತಾರೆ."

ನಾನು ಕನ್ನಡ ಕೇಳುತ್ತಿದ್ದುದು ವಾರಕ್ಕೆ ಮೂರು ದಿನ, ಆ ಕೆಲಸದಲ್ಲಿ ಮಾತ್ರ. ಬಂದವರೆಲ್ಲ ಅಳುತ್ತಲೇ ಮಾತಾಡುತ್ತಿದ್ದರು ನಿಜ. ಆದರೂ ಕನ್ನಡ. ಮೂರನೆಯ ದಿನ ಬೆಳಿಗ್ಗೆ "ತಪ್ಪು ನನ್ನದು" ಎಂದು ಬರೆದು ರುಜು ಹಾಕಿದೆ.

ಮೇಲ್ಮನವಿಯ ದಿನ ಸಾಕ್ಷಿಯ ಕಟಕಟೆಯಲ್ಲಿ ನಾನೇ ನಿಂತೆ. ನ್ಯಾಯಾಧೀಶರು ಕನ್ನಡಕ ತೆಗೆದರು.

"ಹೊಡೆದವನಿಗೂ ಮರ್ಯಾದೆ ಕೊಟ್ಟು ಮಾತಾಡೋದಾ?"

"ಮರ್ಯಾದೆ ಅಲ್ಲ ಸ್ವಾಮಿ. ನಾಲಿಗೆಗೆ ಹತ್ತಿದ ರೂಢಿ."

"ನೀವೂ ಗಂಡನನ್ನು ಹಾಗೇ ಅನ್ನುತ್ತೀರಾ?"

"ಅನ್ನುತ್ತಿದ್ದೆ."

ಅವರು ಮುಂದೆ ಕೇಳಲಿಲ್ಲ, ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಹಳೆಯ ತೀರ್ಪು ರದ್ದಾಯಿತು. ಅವಳನ್ನು ಹಿಂದಕ್ಕೆ ಕಳಿಸುವಂತಿಲ್ಲ. ನನ್ನ ಗುರುತಿನ ಚೀಟಿಯನ್ನು ಗುಮಾಸ್ತ ಬಾಗಿಲಲ್ಲೇ ಇಸಿದುಕೊಂಡ.

ಮೆಟ್ಟಿಲಿಳಿಯುವಾಗ ಅವಳು ನನ್ನ ಕೈ ಹಿಡಿದಿದ್ದಳು. ಹೊಸ ತೀರ್ಪಿನ ಕಾಗದವನ್ನು ಎದೆಗೊತ್ತಿಕೊಂಡೇ ಮೆಲ್ಲಗೆ ಕೇಳಿದಳು:

"ಅಕ್ಕ, ನನ್ನಿಂದ ಕೆಲಸ ಹೋಯ್ತು. ಅವರು ಏನೂ ಅನ್ನಲ್ವಾ?"

ಯಾವ ಅವರು ಎಂದು ಈ ಸಲ ನಾನು ಕೇಳಲಿಲ್ಲ.

"ಏನೂ ಅನ್ನಲ್ಲಮ್ಮ," ಎಂದೆ. ಬಸ್ಸು ಬಂತು. ಅವಳನ್ನು ಹತ್ತಿಸಿ, ನಾನು ನಡೆದೇ ಹೋದೆ.